ಭಾನುವಾರದ ಗುಂಪಿನಲ್ಲಿ ಎಲ್ಲರ ಬಂಡೆಯೂ ಒಂದೇ ಬಣ್ಣ ಆಗಿದ್ದು ಹೇಗೆ?

ಡ್ರಾಯಿಂಗ್ ಮೇಷ್ಟ್ರು | ಭಾನುವಾರ, ರಾತ್ರಿ 9:10

ಇಲ್ಲಿರುವ ಅರ್ಧ ಜನಕ್ಕೆ ನಾನು ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಾವಣಗೆರೆಯವನು. ಹೈಸ್ಕೂಲಿನಲ್ಲಿ 28 ವರ್ಷ ಚಿತ್ರಕಲೆ ಹೇಳಿಕೊಟ್ಟು ಈಗ ರಿಟೈರ್ ಆಗಿದ್ದೇನೆ. ನೀರಿನ ಬಣ್ಣ ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ನಾವೊಂದು ಹತ್ತು ಹನ್ನೆರಡು ಜನ ಬೋರ್ಡು, ಬಣ್ಣದ ಡಬ್ಬಿ, ನೀರಿನ ಬಾಟಲಿ ಹಿಡಿದು ಹೊರಡುತ್ತೇವೆ. ಬಾತಿ ಗುಡ್ಡ, ಕುಂದುವಾಡ ಕೆರೆ, ಹರಿಹರದ ಹೊಳೆ ದಂಡೆ, ಸಂತೇಬೆನ್ನೂರು ಪುಷ್ಕರಣಿ. ತಿಂಗಳಿಗೊಮ್ಮೆ ಚಿತ್ರದುರ್ಗ. ಹತ್ತು ವರ್ಷದ ಮೇಲಾಯಿತು ಇದು ಶುರುವಾಗಿ.

ಹೋದ ವಾರ ನಮ್ಮ ಗುಂಪಿನ ಪ್ರದರ್ಶನ ಇತ್ತು. ಆರು ಜನರ 22 ಚಿತ್ರ. ಮೂರನೇ ದಿನ ಸಂಜೆ ಒಬ್ಬ ಹುಡುಗ ಅಪ್ಪನ ಜೊತೆ ಬಂದ. ನಾಲ್ಕನೇ ಕ್ಲಾಸೋ ಐದನೆಯದೋ ಇರಬೇಕು. ಒಂದು ಸುತ್ತು ಹಾಕಿ ನನ್ನ ಹತ್ತಿರ ಬಂದು, "ಅಂಕಲ್, ಇವೆಲ್ಲ ನೀವೇ ಬರೆದಿದ್ದಾ?" ಅಂದ. "ಇಲ್ಲಪ್ಪ, ಆರು ಜನ ಬರೆದಿದ್ದು" ಅಂದೆ. ಅವನು ಇನ್ನೊಮ್ಮೆ ಗೋಡೆ ನೋಡಿದ. "ಒಬ್ಬರೇ ಬರೆದಂಗೆ ಐತೆ" ಅಂದ. ಅವರಪ್ಪ ಪಾಪ ನಾಚಿಕೊಂಡು ಅವನನ್ನು ಎಳೆದುಕೊಂಡು ಹೋದರು.

ಎಲ್ಲರೂ ಹೋದ ಮೇಲೆ ನಾನು ಗೋಡೆಯ ಮುಂದೆ ನಿಂತೆ. ಕೋಟೆ ಬಾಗಿಲಿನ ಒಂದು ಚಿತ್ರ ನೋಡಿ, ಇದನ್ನು ಯಾವಾಗ ಬರೆದೆ ಅಂತ ನೆನಪು ಮಾಡಿಕೊಳ್ಳುತ್ತಾ ಇದ್ದೆ. ಕೆಳಗೆ ನೋಡಿದರೆ ಸಹಿ ಬೇರೆಯವರದು!

ಕಾರಣ ಗೊತ್ತು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಬೆರೆಸಿದರೆ ಒಂದು ಬೂದು ಬರುತ್ತದೆ. ಆ ನೀಲಿಯ ಕಣ ದಪ್ಪ. ಕಾಗದದ ತಗ್ಗುಗಳಲ್ಲಿ ಇಳಿದು ಕೂರುತ್ತದೆ. ಮುಟ್ಟದೆ ಸುಮ್ನೆ ಒಣಗಲು ಬಿಟ್ಟರೆ ಅದೇ ಕಲ್ಲಿನ ಮೈ ಆಗುತ್ತದೆ. ಇದನ್ನು ಗುಂಪಿಗೆ ಹೇಳಿಕೊಟ್ಟವನು ನಾನೇ. ಈಗ ಹರಿಹರದ ಗುಡಿಯೂ ಅದೇ ಬೂದು, ದುರ್ಗದ ಬಂಡೆಯೂ ಅದೇ ಬೂದು, ಕೆರೆ ಏರಿಯೂ ಅದೇ.

ನನ್ನ ಪ್ರಶ್ನೆ ಇಷ್ಟೇ. ಗುಂಪು ಇಲ್ಲದಿದ್ದರೆ ನಾನು ಬ್ರಷ್ ಬಿಟ್ಟು ಎಷ್ಟೋ ವರ್ಷ ಆಗಿರುತ್ತಿತ್ತು, ಅದು ಖಂಡಿತ. ಆದರೆ ಗುಂಪಿನಿಂದ ನಮ್ಮ ನಮ್ಮ ಕೈ ಕಳೆದುಹೋಯಿತಾ? ಮುಲಾಜಿಲ್ಲದೆ ಹೇಳಿ.

ಮಂಡಕ್ಕಿ ಮೆಣಸಿನಕಾಯಿ | ರಾತ್ರಿ 9:24

ಆ ಹುಡುಗನನ್ನು ಮುಂದಿನ ಸಲ ತೀರ್ಪುಗಾರ ಮಾಡಿ ಸಾರ್.

ಹಳೇಪೇಟೆ ಹುಡುಗ | ರಾತ್ರಿ 9:51

ಮೇಷ್ಟ್ರೇ, ನಾನು ಗುಂಪಿಗೆ ಬರುವವನೇ. ಯಾರು ಅಂತ ನಿಮಗೆ ಗೊತ್ತಾಗುತ್ತದೆ ಬಿಡಿ.

ತಪ್ಪು ಬಣ್ಣದ್ದಲ್ಲ, ನೆರಳಿನದು. ದುರ್ಗಕ್ಕೆ ಹೋದಾಗ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಆರಕ್ಕೆ ಹೊರಟರೆ ಅಲ್ಲಿ ತಲುಪುವುದು ಏಳೂವರೆ. ದಾರಿಯಲ್ಲಿ ತಿಂಡಿಗೆ ನಿಲ್ಲಿಸದೆ ಬಿಡುವವರಲ್ಲ ನಾವು. ಟಿಕೆಟ್ ತಗೊಂಡು ಒಳಗೆ ಹೋಗಿ ಜಾಗ ಹುಡುಕುವಷ್ಟರಲ್ಲಿ ಒಂಬತ್ತು. ಬಿಸಿಲು ಏರಿರುತ್ತದೆ. ಮರ ಇರುವ ಕಡೆ ಎಲ್ಲರೂ ಸಾಲಾಗಿ ಕೂರುತ್ತೇವೆ. ಹತ್ತು ಜನಕ್ಕೂ ಕಾಣುವುದು ಅದೇ ಬಾಗಿಲು, ಅದೇ ಬುರುಜು, ಅದೇ ಕಡೆಯ ಬೆಳಕು. ಮತ್ತೆ ಚಿತ್ರ ಒಂದೇ ಥರ ಇರದೆ ಇನ್ನೇನು?

ನಾನು ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದವನು. 1964ರಲ್ಲಿ ಶುರುವಾದ ಕಾಲೇಜು ಅದು. ಈಗ ದಾವಣಗೆರೆ ವಿಶ್ವವಿದ್ಯಾಲಯದ ಕೆಳಗಿದೆ. ಅಲ್ಲಿ ಸ್ಟಿಲ್ ಲೈಫ್ ಇಟ್ಟಾಗ ಒಂದೇ ಹೂಜಿಯ ಸುತ್ತ ಹದಿನೈದು ಜನ ಕೂರುತ್ತಿದ್ದೆವು. ಆದರೆ ಸುತ್ತ ಕೂರುತ್ತಿದ್ದೆವು, ಸಾಲಾಗಿ ಅಲ್ಲ. ಒಬ್ಬನಿಗೆ ಹೂಜಿಯ ಹಿಡಿ ಕಾಣುತ್ತಿತ್ತು, ಇನ್ನೊಬ್ಬನಿಗೆ ಬರೀ ಹೊಟ್ಟೆ. ನನಗೆ ಯಾವಾಗಲೂ ಹೊಟ್ಟೆಯೇ ಸಿಗುತ್ತಿತ್ತು. ತಡವಾಗಿ ಹೋಗುತ್ತಿದ್ದೆ, ಅದಕ್ಕೆ.

ಬೋರ್ಡ್ ಬರೆಯೋನು | ರಾತ್ರಿ 10:32

ಮೇಷ್ಟ್ರಿಗೆ ನಮಸ್ಕಾರ. ನಾನು ಕಾಲೇಜಿನಲ್ಲಿ ಓದಿದವನಲ್ಲ. ಎನಾಮಲ್ ಪೇಂಟು, ತಗಡು, ಗೋಡೆ, ಲಾರಿ ಇಷ್ಟೇ ನನ್ನ ವಿದ್ಯೆ. ಹದಿನಾಲ್ಕನೇ ವಯಸ್ಸಿಗೆ ಒಬ್ಬರ ಹತ್ತಿರ ಡಬ್ಬಿ ತೊಳೆಯಲು ಸೇರಿದವನು.

ನಮ್ಮ ಕೆಲಸದಲ್ಲಿ ಒಂದೇ ಥರ ಇರುವುದೇ ಕೆಲಸ. ಗುರುಗಳು ಹೇಗೆ 'ಅ' ಬರೆಯುತ್ತಾರೋ ಹಾಗೇ ಬರೆಯಬೇಕು. ಪುಡಿ ಹಚ್ಚಿದ ದಾರ ಎಳೆದು ಹೊಡೆದರೆ ಗೋಡೆ ಮೇಲೆ ಗೆರೆ ಬೀಳುತ್ತದೆ. ಆ ಎರಡು ಗೆರೆಯ ಮಧ್ಯೆ ಅಕ್ಷರ ನಿಲ್ಲಬೇಕು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟಿರಬೇಕು. ಇಲ್ಲಾಂದ್ರೆ 'ಸ್ಟೋರ್ಸ್' ಅನ್ನುವುದು ಕೊನೆಯಲ್ಲಿ ಕಾಲು ಮುದುರಿಕೊಂಡು ಕೂರುತ್ತದೆ. ಎರಡು ವರ್ಷ ನನಗೆ ಬರೀ ಒಳಗೆ ತುಂಬುವ ಕೆಲಸ. ಅಂಚು ಗುರುಗಳದು, ಹೊಟ್ಟೆ ನನ್ನದು.

ಆದರೂ ಹೇಳುತ್ತೇನೆ ಕೇಳಿ. ಫ್ಲೆಕ್ಸ್ ಬರುವ ಮುಂಚೆ ಮಂಡಿಪೇಟೆಯಲ್ಲಿ ನಡೆದು ಹೋದರೆ ಯಾವ ಬೋರ್ಡು ಯಾರ ಕೈಯದು ಅಂತ 'ಶ್ರೀ' ನೋಡಿ ಹೇಳುತ್ತಿದ್ದೆ. ಒಬ್ಬರದು 'ಶ್ರೀ'ಯ ತಲೆ ಹಾವಿನ ಹೆಡೆ ಥರ ಎದ್ದಿರುತ್ತಿತ್ತು. ಒಬ್ಬರು ರಾವತ್ತನ್ನು ಹಿಂದಿನ ಅಂಗಡಿವರೆಗೂ ಎಳೆಯುತ್ತಿದ್ದರು. ನನ್ನದು ಸ್ವಲ್ಪ ಎಡಕ್ಕೆ ವಾಲುತ್ತದೆ. ಏಣಿ ಮೇಲೆ ನಾನು ಹಾಗೇ ನಿಲ್ಲುವುದು, ಅದಕ್ಕೆ. ಇದನ್ನೆಲ್ಲ ಯಾರೂ ಬೇಕು ಅಂತ ಮಾಡಿದ್ದಲ್ಲ.

ಅದಕ್ಕೇ ಕೈ ಕಳೆದುಹೋಯಿತು ಅನ್ನುವುದನ್ನು ನಾನು ನಂಬುವುದಿಲ್ಲ. ನೀವು ಬಣ್ಣ ನೋಡುತ್ತಿದ್ದೀರಿ, ನಾನು ಬ್ರಷ್ ಎಲ್ಲಿ ಎತ್ತಿದ್ದಾರೆ ಅಂತ ನೋಡುತ್ತೇನೆ. ನಿಮ್ಮ ಪ್ರದರ್ಶನಕ್ಕೆ ಬಂದಿದ್ದೆ. ಸಹಿ ನೋಡದೆ ನಾಲ್ಕು ಜನರನ್ನು ಸರಿಯಾಗಿ ಹೇಳಿದೆ, ನನ್ನ ಮಗ ಸಾಕ್ಷಿ.

ಹಳೇಪೇಟೆ ಹುಡುಗ | ರಾತ್ರಿ 10:40

ಅಣ್ಣಾ, ಬಂದವರು ಒಂದು ಮಾತು ಆಡಿಸಬಾರದಿತ್ತಾ? ನಾವೆಲ್ಲ ಅಲ್ಲೇ ಇದ್ದೆವು.

ಬೋರ್ಡ್ ಬರೆಯೋನು | ರಾತ್ರಿ 10:58

ಮೂರು ವರ್ಷದ ಹಿಂದೆ ನಿಮ್ಮ ಗುಂಪಿಗೆ ಎರಡು ಭಾನುವಾರ ಬಂದಿದ್ದೆ ತಮ್ಮಾ. ಎನಾಮಲ್ ಡಬ್ಬಿ, ಟರ್ಪೆಂಟೈನ್ ತಂದಿದ್ದೆ. ವಾಸನೆ ಬರುತ್ತದೆ, ಸ್ವಲ್ಪ ಆ ಕಡೆ ಕೂತುಕೊಳ್ಳಿ ಅಂದರು ಯಾರೋ. ತಪ್ಪೇನಿಲ್ಲ, ವಾಸನೆ ಬರುತ್ತಿತ್ತು. ಆ ಕಡೆ ಕೂತೆ. ಆ ಕಡೆಯೇ ಉಳಿದೆ.

ಮೇಲುದುರ್ಗ | ಸೋಮವಾರ, ಬೆಳಿಗ್ಗೆ 6:15

ದಾವಣಗೆರೆಯವರು ದುರ್ಗದ ಬಂಡೆಯನ್ನು ಬೂದು ಅಂದರೆ ನಮಗೆ ಸಿಟ್ಟು ಬರದೆ ಇರುತ್ತದಾ? 1997ರಲ್ಲಿ ಜಿಲ್ಲೆ ಬೇರೆ ಮಾಡಿಕೊಂಡು ಹೋದಿರಿ, ಬಂಡೆ ಬಣ್ಣವನ್ನೂ ತಗೊಂಡು ಹೋದಿರಿ ಅನ್ನಿಸುತ್ತದೆ. ತಮಾಷೆಗೆ ಅಂದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ದಿನಾ ಬೆಳಿಗ್ಗೆ ಕೋಟೆ ಹತ್ತುವವನು. ಚಿತ್ರ ಬರೆಯುವುದಿಲ್ಲ, ನೋಡುತ್ತೇನೆ ಅಷ್ಟೆ. ಸೂರ್ಯ ಹುಟ್ಟುವ ಹೊತ್ತಿಗೆ ಬಂಡೆ ಹಸಿ ಇಟ್ಟಿಗೆ ಬಣ್ಣ. ಎಂಟರ ಮೇಲೆ ಕಡಲೆಹಿಟ್ಟಿನ ಹಾಗೆ. ಮಧ್ಯಾಹ್ನಕ್ಕೆ ಬಣ್ಣವೇ ಇಲ್ಲ, ಕಣ್ಣಿಗೆ ಹೊಡೆಯುತ್ತದೆ. ಮಳೆ ಬಂದ ಮೇಲೆ ನೋಡಬೇಕು ನೀವು. ನೀರು ಇಳಿದ ದಾರಿಯೆಲ್ಲ ಮಸಿ ಸುರಿದಂತೆ ಕಪ್ಪಗೆ, ಪಕ್ಕದಲ್ಲೇ ಪಾಚಿ ಬಿದ್ದ ಕಡೆ ಹಸಿರು, ನಡುವೆ ಒಂದು ಕಡೆ ಅರಿಶಿನದ ಕಲೆ. ಓಬವ್ವನ ಕಿಂಡಿ ಹತ್ತಿರ ಜನ ಮುಟ್ಟಿ ಮುಟ್ಟಿ ಕಲ್ಲು ನುಣುಪಾಗಿದೆ. ಅಲ್ಲಿ ಇನ್ನೊಂದೇ ಬಣ್ಣ, ಎಣ್ಣೆ ಹಚ್ಚಿದ ಹಾಗೆ.

ಇವೆಲ್ಲ ಬಿಟ್ಟು ಒಂಬತ್ತು ಗಂಟೆಗೆ ಮರದ ಕೆಳಗೆ ಕೂತರೆ ಬೂದು ಬಿಟ್ಟು ಬೇರೆ ಏನು ಸಿಗುತ್ತದೆ?

ಇನ್ನೊಂದು ಮಾತು. ನಮ್ಮ ಜಿಲ್ಲೆಯ ಪಿ.ಆರ್. ತಿಪ್ಪೇಸ್ವಾಮಿ ಅವರನ್ನು ನೆನಪು ಮಾಡಿಕೊಳ್ಳಿ. ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು, 1922ರಲ್ಲಿ ಹುಟ್ಟಿದವರು. ನೀರಿನ ಬಣ್ಣದಲ್ಲಿ ದೊಡ್ಡ ಹೆಸರು. ಆದರೆ ಅವರು ಬಣ್ಣದವರ ನಡುವೆ ಮಾತ್ರ ಇದ್ದವರಲ್ಲ. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ದುಡಿದವರು. ತೊಗಲುಬೊಂಬೆ, ಮುಖವಾಡ, ಒಕ್ಕಲುತನದ ಸಾಮಾನು ಇವೆಲ್ಲದರ ಜೊತೆ ಒಡನಾಡಿದವರು. ನಿಮ್ಮ ಗುಂಪಿನಲ್ಲಿ ಬರೀ ನೀರಿನ ಬಣ್ಣದವರೇ ಇದ್ದೀರಿ. ಬೋರ್ಡ್ ಬರೆಯೋ ಅಣ್ಣನನ್ನು ಆ ಕಡೆ ಕೂರಿಸಿದಿರಿ. ನನಗೆ ಕಾಣುವ ಕಾರಣ ಅದು.

ಫ್ರೇಮ್ ಅಂಗಡಿ | ಸೋಮವಾರ, ಬೆಳಿಗ್ಗೆ 11:20

ಯಾರೂ ದುಡ್ಡಿನ ಮಾತು ಎತ್ತಲಿಲ್ಲ, ನಾನೇ ಎತ್ತುತ್ತೇನೆ.

ಒಂದೇ ಥರ ಆಗಲು ಕೊಳ್ಳುವವರೂ ಕಾರಣ. ನನ್ನ ಅಂಗಡಿಗೆ ಬಂದು ಗೋಡೆಗೆ ಚಿತ್ರ ಕೇಳುವವರು ಮೂರೇ ಕೇಳುತ್ತಾರೆ. ಕೋಟೆ, ಕೆರೆ, ಎತ್ತಿನ ಗಾಡಿ. ಗೃಹಪ್ರವೇಶಕ್ಕೆ ಕೊಡಲು ಕೋಟೆ ಬೇಕು, ಅದರಲ್ಲಿ ಬಿರುಕು ಬಿಟ್ಟ ಗೋಡೆ ಇರಬಾರದು, ಅಶುಭ. ಒಬ್ಬರು ನಿಮ್ಮ ಗುಂಪಿನ ಒಂದು ಚಿತ್ರ ಇಷ್ಟಪಟ್ಟು, ಬುರುಜಿನ ಮೇಲಿನ ಕಾಗೆ ತೆಗೆಸಿಕೊಡಿ ಅಂದರು. ಬರೆದವರು ತೆಗೆದೂ ಕೊಟ್ಟರು. ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು. ಯಾರು ಅಂತ ಹೇಳುವುದಿಲ್ಲ.

ಹಾಗೇ ಒಂದು ವಿನಂತಿ. ಚಿತ್ರವನ್ನು ನೇರ ಗಾಜಿಗೆ ಒತ್ತಿ ಫ್ರೇಮ್ ಹಾಕಿಸಬೇಡಿ. ಮಧ್ಯೆ ಮೌಂಟ್ ಬೋರ್ಡ್ ಇರಲಿ, ಅಂದರೆ ಚಿತ್ರದ ಸುತ್ತ ಕೂರುವ ದಪ್ಪ ರಟ್ಟು. ಮಳೆಗಾಲದಲ್ಲಿ ಗಾಜಿನ ಒಳಗೆ ಪಸೆ ಕೂತು ಕಾಗದ ಗಾಜಿಗೆ ಅಂಟುತ್ತದೆ, ಇಲ್ಲಾಂದ್ರೆ ಕಂದು ಚುಕ್ಕೆ ಏಳುತ್ತವೆ. ಬಿಸಿಲು ಬೀಳುವ ಗೋಡೆಗಂತೂ ಬೇಡವೇ ಬೇಡ. ಅಲಿಜರಿನ್ ಕ್ರಿಮ್ಸನ್ ಅನ್ನುವ ಕೆಂಪು ಹಾಕಿದ್ದರೆ ಕೆಲವೇ ವರ್ಷದಲ್ಲಿ ಸಂಜೆಯ ಕೆಂಪು ಹೋಗಿ ಬರೀ ಮೋಡ ಉಳಿಯುತ್ತದೆ. ಆಮೇಲೆ ಬಂದು ನನ್ನನ್ನು ಬೈಯುತ್ತಾರೆ.

ಮಂಡಕ್ಕಿ ಮೆಣಸಿನಕಾಯಿ | ಸೋಮವಾರ, ಬೆಳಿಗ್ಗೆ 11:31

ಕಾಗೆ ತೆಗೆದವರು ಯಾರು? ಹೆಸರು ಬೇಡ, ಬಳಗ ಹೇಳಿ ಸಾಕು.

ಹಳೇಪೇಟೆ ಹುಡುಗ | ಸೋಮವಾರ, ಬೆಳಿಗ್ಗೆ 11:45

ನಾನೇ. ಆ ತಿಂಗಳು ಮನೆ ಬಾಡಿಗೆ ಕಟ್ಟಬೇಕಿತ್ತು. ಈಗ ಸಮಾಧಾನ ಆಯ್ತಾ?

ಕಿಟಕಿ ಪಕ್ಕ | ಸೋಮವಾರ, ಮಧ್ಯಾಹ್ನ 2:50

ಓದುತ್ತಾ ಇದ್ದೆ. ಬರೆಯಬಾರದು ಅಂತಲೇ ಇದ್ದೆ.

ನಾನು ಚಿತ್ರದುರ್ಗದವಳು. ಮನೆ, ಮಕ್ಕಳು, ಅತ್ತೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಡುಗೆಮನೆ ಕಿಟಕಿ ಪಕ್ಕ ಕೂತು ಬರೆಯುತ್ತೇನೆ. ಆ ಹೊತ್ತಿನಲ್ಲಿ ಅಲ್ಲಿಂದ ಏನು ಕಾಣುತ್ತದೋ ಅದು. ಎದುರು ಮನೆ ಮಹಡಿಯ ನೀರಿನ ಟ್ಯಾಂಕು, ಹಿಂದೆ ಗುಡ್ಡ, ಗುಡ್ಡದ ಮೇಲೆ ಗಾಳಿ ಫ್ಯಾನುಗಳು. ಒಳಗೆ ಬೋರಲು ಹಾಕಿದ ಪಾತ್ರೆ. ಒಂದು ಸಲ ಅತ್ತೆಯ ಮೊಳಕಾಲ್ಮೂರು ಸೀರೆ ಒಣಗಲು ಹಾಕಿದ್ದನ್ನು ಹನ್ನೊಂದು ದಿನ ಬರೆದೆ. ಸೀರೆ ಒಂದೇ ದಿನದಲ್ಲಿ ಒಣಗಿತು. ಉಳಿದ ಹತ್ತು ದಿನ ಸುಳ್ಳು ಹೇಳಿ ಮತ್ತೆ ಮತ್ತೆ ಹರವಿದೆ.

ನೀವೆಲ್ಲ ಗುಂಪಿನಿಂದ ಕೈ ಕಳೆದುಹೋಯಿತಾ ಅಂತ ಕೇಳುತ್ತಿದ್ದೀರಿ. ನನಗೆ ಗುಂಪೇ ಸಿಗಲಿಲ್ಲ. ನೀವು ದುರ್ಗಕ್ಕೆ ಬಂದಾಗ ಎರಡು ಸಲ ಸೇರಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಅಂದರೆ ನಮಗೆ ಎಂಥ ಹೊತ್ತು ಅಂತ ಗೊತ್ತಾ? ಎಲ್ಲರೂ ಮನೆಯಲ್ಲಿರುತ್ತಾರೆ, ದೋಸೆ ಹುಯ್ದಷ್ಟೂ ಸಾಲುವುದಿಲ್ಲ. ಐದಕ್ಕೆ ಎದ್ದು ಎಲ್ಲ ಮಾಡಿಟ್ಟು ಬಂದಿದ್ದೆ.

ಮೊದಲ ಸಲ ತುಂಬಾ ಕಲಿತೆ, ಸುಳ್ಳು ಹೇಳಬಾರದು. ಹಸಿ ಬಣ್ಣಕ್ಕೆ ಮತ್ತೆ ಬ್ರಷ್ ಹಾಕಬಾರದು, ಅದರ ಪಾಡಿಗೆ ಬಿಡಬೇಕು ಅನ್ನುವುದು ಅವತ್ತೇ ತಿಳಿದಿದ್ದು. ನಮ್ಮ ಬಿಸಿಲಿಗೆ ಬಣ್ಣ ಬೇಗ ಒಣಗಿ ಅಂಚು ಕಟ್ಟುತ್ತದೆ, ನೀರಿಗೆ ಒಂದು ಹನಿ ಗ್ಲಿಸರಿನ್ ಹಾಕಿ ಅಂತ ಹೇಳಿಕೊಟ್ಟರು. ಈಗಲೂ ಹಾಕುತ್ತೇನೆ. ಗ್ಲಿಸರಿನ್ ಬಾಟಲಿ ಯಾಕೆ ಇಷ್ಟು ಬೇಗ ಖಾಲಿಯಾಗುತ್ತದೆ ಅಂತ ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ.

ಎರಡನೇ ಸಲ ಬಂದಾಗ ಏಪ್ರಿಲ್ ಕೊನೆ. ಚಂದ್ರವಳ್ಳಿಯಲ್ಲಿ ಕೂತಿದ್ದೆವು. ನಾನು ಬಂಡೆ, ಕೆರೆ ಬರೆದು ಆಕಾಶವನ್ನು ಹಾಗೇ ಬಿಟ್ಟಿದ್ದೆ. ಬರೀ ಕಾಗದ. ಏಪ್ರಿಲ್‌ನಲ್ಲಿ ದುರ್ಗದ ಆಕಾಶ ನೀಲಿ ಇರುವುದಿಲ್ಲ, ಬೆಳ್ಳಗೆ ಕಾದ ಹಂಚಿನ ಹಾಗಿರುತ್ತದೆ. ನಾನು ಅದನ್ನೇ ಬರೆದಿದ್ದೆ. ಒಬ್ಬರು ಹಿಂದಿನಿಂದ ಬಂದು, "ಆಕಾಶ ಬಾಕಿ ಇದೆಯಲ್ಲಮ್ಮಾ, ಕೊಡು ಇಲ್ಲಿ" ಅಂದರು. ನನ್ನ ಕೈಯಿಂದ ಬ್ರಷ್ ತಗೊಂಡು ಎರಡೇ ನಿಮಿಷದಲ್ಲಿ ಕೋಬಾಲ್ಟ್ ನೀಲಿ ಇಳಿಸಿದರು. ಮೇಲೆ ಗಾಢ, ಕೆಳಗೆ ತಿಳಿ, ಮಧ್ಯೆ ಹತ್ತಿಯಂಥ ಎರಡು ಮೋಡ. ತುಂಬಾ ಚೆನ್ನಾಗಿತ್ತು. ಎಲ್ಲರೂ ಬಂದು ನೋಡಿದರು. ನಿಮ್ಮ ಆಕಾಶ ಚೆನ್ನಾಗಿ ಬಂದಿದೆ ಅಂತ ನನಗೇ ಹೇಳಿದರು.

ಮೂರನೇ ಸಲ ಬರಲಿಲ್ಲ.

ಮೇಲುದುರ್ಗ | ಸೋಮವಾರ, ಮಧ್ಯಾಹ್ನ 3:12

ಅಕ್ಕ, ಏಪ್ರಿಲ್ ಆಕಾಶದ ವಿಷಯಕ್ಕೆ ನಾನು ಸಾಕ್ಷಿ. ಬೆಳ್ಳಗೇ ಇರುತ್ತದೆ.

ಫ್ರೇಮ್ ಅಂಗಡಿ | ಸೋಮವಾರ, ಸಂಜೆ 4:05

ನೀಲಿ ಆಕಾಶ ಇದ್ದರೆ ಬೇಗ ಮಾರಾಟ ಆಗುತ್ತದೆ, ಅದೂ ನಿಜ. ಸರಿ ಅಂತ ಹೇಳುತ್ತಿಲ್ಲಮ್ಮ, ಅಂಗಡಿಯಲ್ಲಿ ಆಗುವುದನ್ನು ಹೇಳಿದೆ.

ಹಳೇಪೇಟೆ ಹುಡುಗ | ಸೋಮವಾರ, ಸಂಜೆ 5:30

ಅವತ್ತು ನಾನೂ ಇದ್ದೆ. "ಆಕಾಶ ಚೆನ್ನಾಗಿ ಬಂದಿದೆ ಅಕ್ಕ" ಅಂದವರಲ್ಲಿ ನಾನೂ ಒಬ್ಬ.

ಒಂದು ಮಾತು ಮೇಷ್ಟ್ರ ಪರವಾಗಿ ಹೇಳಲೇಬೇಕು. ಕಾಲೇಜು ಮುಗಿದ ಮೇಲೆ ನನ್ನ ಜೊತೆ ಓದಿದವರು ಚೆದುರಿ ಹೋದರು. ಕೆಲವರು ಬೆಂಗಳೂರಿಗೆ ಹೋಗಿ ಅನಿಮೇಷನ್ ಸೇರಿದರು, ಕೆಲವರು ಬ್ಯಾನರ್ ಡಿಸೈನ್, ಒಬ್ಬ ಮೆಡಿಕಲ್ ಶಾಪಿನಲ್ಲಿದ್ದಾನೆ. ಬ್ರಷ್ ಹಿಡಿದು ಉಳಿದವನು ನಾನೊಬ್ಬನೇ ಅನ್ನಿಸುತ್ತದೆ. ಯಾಕೆ ಅಂದರೆ ಶನಿವಾರ ರಾತ್ರಿ ಹತ್ತಕ್ಕೆ ಇವರ ಫೋನ್ ಬರುತ್ತದೆ. "ಬರ್ತೀಯಲ್ಲೋ?" ಅಷ್ಟೇ. ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಕಾಗದ ಕೊಳ್ಳಲು ದುಡ್ಡಿಲ್ಲದಾಗ 300 ಜಿಎಸ್‌ಎಂನ ದಪ್ಪ ಹಾಳೆ ಹರಿದು ಅರ್ಧ ಕೊಟ್ಟಿದ್ದಾರೆ. ನಾನು ಮಾತಾಡುವುದು ನೆರಳು, ಸಾಲು ಅಂತ. ಆ ಸಾಲೇ ಇಲ್ಲದಿದ್ದರೆ ನಾನೂ ಮೆಡಿಕಲ್ ಶಾಪಿನಲ್ಲಿರುತ್ತಿದ್ದೆ.

ಬೋರ್ಡ್ ಬರೆಯೋನು | ಸೋಮವಾರ, ರಾತ್ರಿ 8:20

ಕೂಡಿ ಬರೆಯುವುದರ ಬಗ್ಗೆ ನನಗೆ ಗೊತ್ತಿರುವುದು ಒಂದಿದೆ.

ನಮ್ಮ ಗುರುಗಳು ಹುಡುಗರಾಗಿದ್ದಾಗ ನಾಟಕ ಕಂಪನಿಗಳ ಪರದೆ ಬರೆದವರು. ದಾವಣಗೆರೆ ಅಂದರೆ ಆಗ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಊರ ತುಂಬಾ ನಾಟಕದ ಮಾತು. ದರ್ಬಾರ್ ಸೀನು, ಕಾಡಿನ ಸೀನು, ಬೀದಿ ಸೀನು ಅಂತ ಪರದೆಗಳು. ಬಟ್ಟೆಯನ್ನು ನೆಲದ ಮೇಲೆ ಹಾಸಿ, ಅಂಟು ಕಾಸಿ ಪುಡಿ ಬಣ್ಣಕ್ಕೆ ಬೆರೆಸಿ, ಉದ್ದ ಕೋಲಿಗೆ ಬ್ರಷ್ ಕಟ್ಟಿ, ನಿಂತುಕೊಂಡೇ ಬರೆಯುವುದು. ಒಂದು ಪರದೆಗೆ ಮೂರು ನಾಲ್ಕು ಜನ. ಕಂಬ ಒಬ್ಬರದು, ಮರ ಒಬ್ಬರದು, ಆಕಾಶ ಒಬ್ಬರದು. ಗುರುಗಳದು ಮರ. ಅವರ ಮರದಲ್ಲಿ ಎಲೆ ಹೀಗೆ ಮೂರು ಮೂರಾಗಿ ಬೀಳುತ್ತಿದ್ದವು. ಕೊನೆಯವರೆಗೂ ಹಾಗೇ. ಲಾರಿ ಹಿಂದೆ ಬರೆದರೂ ಅದೇ ಮೂರು ಎಲೆ.

ಅವರು ಒಂದು ಕಟ್ಟಳೆ ಹೇಳುತ್ತಿದ್ದರು. ನಿನ್ನ ಮರ ಅವನ ಕಂಬದ ಪಕ್ಕ ನಿಲ್ಲಲಿ, ಅವನ ಕಂಬಕ್ಕೆ ನಿನ್ನ ಬ್ರಷ್ ತಾಗಬಾರದು. ಅವನ ಕಂಬ ವಾಲಿದ್ದರೂ ಸರಿ, ಅವನನ್ನು ಕರೆದು ತೋರಿಸು, ನೀನು ತಿದ್ದಬೇಡ. ಒಂದು ಸಲ ತಿದ್ದಿದ್ದಕ್ಕೆ ಅವರಿಗೆ ಬೆನ್ನ ಮೇಲೆ ಕೋಲು ಬಿದ್ದಿತ್ತಂತೆ. ಬಣ್ಣ ಹತ್ತಿದ ಕೋಲು. ಅಂಗಿ ಹಾಳಾಯಿತು ಅಂತ ಅದನ್ನೇ ಜಾಸ್ತಿ ಹೇಳುತ್ತಿದ್ದರು.

ನಿರ್ವಾಹಕ | ಸೋಮವಾರ, ರಾತ್ರಿ 8:41

ಚರ್ಚೆ ಚೆನ್ನಾಗಿದೆ, ಮುಂದುವರಿಸಿ. ಕಾಗೆ ವಿಷಯಕ್ಕೆ ಮಾತ್ರ ಬಂದ ಒಂಬತ್ತು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ಡ್ರಾಯಿಂಗ್ ಮೇಷ್ಟ್ರು | ಸೋಮವಾರ, ರಾತ್ರಿ 11:36

ಮೂರು ಸಲ ಬರೆದು ಅಳಿಸಿದೆ.

ಆ ಆಕಾಶ ಹಾಕಿದವನು ನಾನು.

ನನಗೆ ನೆನಪಿದೆಯಮ್ಮ. ನೆನಪಿರುವ ಕಾರಣ ಕೇಳಿದರೆ ನಿಮಗೆ ಇನ್ನೂ ಬೇಜಾರಾಗಬಹುದು. ಅವತ್ತು ಅದು ನನ್ನ ಕೈಯಲ್ಲಿ ಬಂದ ಒಳ್ಳೆಯ ಆಕಾಶ ಅಂತ ನೆನಪಿದೆ. ಮನೆಗೆ ಬಂದು ಹೆಂಡತಿಗೂ ಹೇಳಿದ್ದೆ. ಹಾಳೆ ಯಾರದು ಅನ್ನುವುದು ಮನಸ್ಸಿಗೇ ಬಂದಿರಲಿಲ್ಲ.

28 ವರ್ಷ ಮಾಡಿದ್ದೇ ಅದು. ಒಂದು ಕ್ಲಾಸಿಗೆ ಅರವತ್ತು ಮಕ್ಕಳು, ನಲವತ್ತು ನಿಮಿಷ. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರಿಸಬೇಕು. ಬೆಂಚಿನಿಂದ ಬೆಂಚಿಗೆ ಹೋಗುತ್ತಾ, ಕೊಡು ಇಲ್ಲಿ ಅಂತ ಪೆನ್ಸಿಲ್ ಕಸಿದು ಎರಡು ಗೆರೆ ಎಳೆದು ಮುಂದೆ ಹೋಗುವುದು. ಮಕ್ಕಳಿಗೆ ಖುಷಿಯಾಗುತ್ತಿತ್ತು ಅಂತಲೇ ತಿಳಿದಿದ್ದೆ. ಸಾರ್ ನನಗೂ ಹಾಕಿಕೊಡಿ ಅಂತ ಕರೆಯುತ್ತಿದ್ದರು. ರಿಟೈರ್ ಆದ ಮೇಲೂ ಕೈ ನಿಲ್ಲಲಿಲ್ಲ ಅನ್ನಿಸುತ್ತದೆ.

ಈಗ ಪ್ರದರ್ಶನದ ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. 22 ಚಿತ್ರದಲ್ಲಿ ನನ್ನ ಸಹಿ ಇರುವುದು ನಾಲ್ಕು. ನನ್ನ ಬ್ರಷ್ ತಾಗಿರುವುದು ಎಷ್ಟು ಅಂತ ಎಣಿಸಿದೆ. ನೆನಪಿಗೆ ಬಂದಿದ್ದೇ ಹನ್ನೊಂದು. ಕೋಟೆ ಬಾಗಿಲಿನ ಆ ಚಿತ್ರ ನನ್ನದು ಅಂದುಕೊಂಡೆ ಅಂದೆನಲ್ಲ, ಅದರ ನೆರಳಿನ ಭಾಗ ನಾನೇ ಹಾಕಿದ್ದು. ಅದಕ್ಕೇ ಗುರುತು ಸಿಕ್ಕಿದ್ದು!

ನಿಮ್ಮ ಹಾಳೆ ಕೆಡಿಸಿದೆ. ತಪ್ಪಾಯಿತು. ಆ ಚಿತ್ರ ಇನ್ನೂ ಇದೆಯಾ?

ಬೋರ್ಡ್ ಅಣ್ಣಾ, ಆ ಕಡೆ ಕೂತುಕೊಳ್ಳಿ ಅಂದವನು ನಾನಲ್ಲ ಅಂದುಕೊಂಡಿದ್ದೇನೆ. ಆದರೆ ಕರೆಯಲು ಬಂದವನೂ ಅಲ್ಲ.

ಕಿಟಕಿ ಪಕ್ಕ | ಮಂಗಳವಾರ, ಮಧ್ಯಾಹ್ನ 2:15

ಇದೆ ಮೇಷ್ಟ್ರೇ. ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಬಿಸಾಡಲು ಮನಸ್ಸು ಬರಲಿಲ್ಲ, ಗೋಡೆಗೆ ಹಾಕಲೂ ಬರಲಿಲ್ಲ. ಕೋಬಾಲ್ಟ್ ಇನ್ನೂ ಹಾಗೇ ಇದೆ, ಮಾಸಿಲ್ಲ. ಒಳ್ಳೆಯ ಬಣ್ಣ ತರಿಸುತ್ತೀರಿ ನೀವು.

ನೀವು ಅಂತ ಹೆಸರು ಹೇಳಬಾರದು ಅಂತಲೇ ಬರೆದಿದ್ದು. ಹೇಳಿಕೊಂಡಿದ್ದು ನೀವೇ.

ಮಧ್ಯದಲ್ಲಿ ಒಂದು ವಿಷಯ. ಸ್ಪಂಜ್ ಒದ್ದೆ ಮಾಡಿ ಮೆಲ್ಲಗೆ ಎತ್ತಿದರೆ ಆ ನೀಲಿ ಹೋಗುತ್ತದಾ? ಪೂರ್ತಿ ಬಿಳಿ ಬೇಡ, ಸ್ವಲ್ಪ ಮಸುಕಾದರೂ ಸಾಕು.

ಡ್ರಾಯಿಂಗ್ ಮೇಷ್ಟ್ರು | ಮಂಗಳವಾರ, ಮಧ್ಯಾಹ್ನ 2:40

ಕೋಬಾಲ್ಟ್ ಕಾಗದಕ್ಕೆ ಜಾಸ್ತಿ ಕಚ್ಚಿಕೊಳ್ಳುವ ಬಣ್ಣ ಅಲ್ಲ. ಒಳ್ಳೆಯ ಹತ್ತಿ ಕಾಗದ ಆದರೆ ಮುಕ್ಕಾಲು ಪಾಲು ಎದ್ದು ಬರುತ್ತದೆ. ಶುದ್ಧ ನೀರು, ಮೆತ್ತನೆ ಸ್ಪಂಜು, ಉಜ್ಜಬಾರದು, ಒತ್ತಿ ಎತ್ತಬೇಕು. ಪ್ರತಿ ಸಲ ಒಣಗಿದ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಬಂಡೆಯ ಅಂಚಿನ ಹತ್ತಿರ ಸ್ಪಂಜು ಬೇಡ, ಅಲ್ಲಿಗೆ ಸಣ್ಣ ಬ್ರಷ್ ಸಾಕು. ನಾನೇ ಬಂದು ತೆಗೆದುಕೊಡುತ್ತೇನೆ ಅಂತ ಬರೆಯಲು ಹೊರಟಿದ್ದೆ. ನೋಡಿ, ಕೈ ಕೇಳುವುದೇ ಇಲ್ಲ.

ಮಂಡಕ್ಕಿ ಮೆಣಸಿನಕಾಯಿ | ಮಂಗಳವಾರ, ಮಧ್ಯಾಹ್ನ 2:44

ಮೇಷ್ಟ್ರ ಕೈಗೆ ಒಂದು ಚೀಲ ಹೊಲಿಸಿ ಯಾರಾದರೂ.

ಹಳೇಪೇಟೆ ಹುಡುಗ | ಮಂಗಳವಾರ, ಸಂಜೆ 6:10

ಮುಂದಿನ ಭಾನುವಾರ ದುರ್ಗದ ಸರದಿ. ನನ್ನದೊಂದು ಮಾತು ಕೇಳಿ. ಬೆಳಿಗ್ಗೆ ಬೇಡ, ಸಂಜೆ ಹೋಗೋಣ. ಚಂದ್ರವಳ್ಳಿ. ಅಂಕಲಿ ಮಠದ ಕಡೆ ಕೆಲವರು, ಕೆರೆ ಕಡೆ ಕೆಲವರು. ಸಾಲಾಗಿ ಕೂರುವುದು ಬೇಡ. ಮುಗಿಯುವವರೆಗೆ ಯಾರೂ ಯಾರ ಹಾಳೆಯನ್ನೂ ನೋಡುವುದು ಬೇಡ. ಅಲ್ಟ್ರಾಮರೀನ್ ಟ್ಯೂಬನ್ನು ಎಲ್ಲರೂ ಮನೆಯಲ್ಲೇ ಬಿಟ್ಟು ಬನ್ನಿ, ಒಂದು ಸಲ ನೋಡೇಬಿಡೋಣ. ಬೋರ್ಡ್ ಅಣ್ಣಾ, ಎನಾಮಲ್ ತನ್ನಿ. ನಾನು ನಿಮ್ಮ ಪಕ್ಕ ಕೂರುತ್ತೇನೆ, ನನಗೆ ಶೀತ, ವಾಸನೆ ಗೊತ್ತಾಗುವುದಿಲ್ಲ.

ಬೋರ್ಡ್ ಬರೆಯೋನು | ಮಂಗಳವಾರ, ರಾತ್ರಿ 7:55

ಭಾನುವಾರ ಒಂದು ಗುಡಿಯ ಗೋಪುರಕ್ಕೆ ಬಣ್ಣ ಒಪ್ಪಿಕೊಂಡಿದ್ದೇನೆ. ಮೂರಕ್ಕೆ ಇಳಿದು ಬಸ್ ಹತ್ತಿದರೆ ನಾಲ್ಕೂವರೆಗೆ ಬರಬಹುದು. ಕೈಯೆಲ್ಲ ಬಣ್ಣ ಇರುತ್ತದೆ, ಹಾಗೇ ಬರುತ್ತೇನೆ.

ಮೇಲುದುರ್ಗ | ಮಂಗಳವಾರ, ರಾತ್ರಿ 8:30

ಸಂಜೆ ಐದರ ಮೇಲೆ ಬನ್ನಿ, ಬಂಡೆ ಬೂದು ಅಂತ ಆಮೇಲೆ ಹೇಳಿ ನೋಡೋಣ. ಚಹಾ ನನ್ನ ಲೆಕ್ಕ. ಕತ್ತಲಾಗುವ ಮೊದಲು ಹೊರಗೆ ಬರಬೇಕು, ಕರಡಿ ಓಡಾಡುತ್ತವೆ.

ಡ್ರಾಯಿಂಗ್ ಮೇಷ್ಟ್ರು | ಮಂಗಳವಾರ, ರಾತ್ರಿ 9:02

ಹಾಗಾದರೆ ಸಂಜೆ ನಾಲ್ಕಕ್ಕೆ ಚಂದ್ರವಳ್ಳಿ ಕೆರೆ ಏರಿ ಹತ್ತಿರ. ಅಮ್ಮಾ, ನೀವೂ ಬರಬೇಕು. ನಿಮಗೆ ಆ ಹೊತ್ತು ಆಗುತ್ತದಾ?

ಕಿಟಕಿ ಪಕ್ಕ | ಬುಧವಾರ, ಮಧ್ಯಾಹ್ನ 2:05

ನಾಲ್ಕೂವರೆ ಮಾಡಿ ಮೇಷ್ಟ್ರೇ. ನಾಲ್ಕಕ್ಕೆ ನಲ್ಲಿ ನೀರು ಬರುತ್ತದೆ.